ಹಂದರಗಂಬದ ತೂತು

ಪರಸಿಹಾಳ,
ಒಂದೇ ತೂತು ಬಾಕಿ ಉಳಿದ ವರ್ಷ,
ಮಣ್ಣೆತ್ತಿನ ಅಮವಾಸ್ಯೆ ಕಳೆದ ವಾರ.

ಶ್ರೀಮಾನ್ ಗುರುಶಾಂತ ಹಾದಿಮನಿ ಸಾಹೇಬರ ಸನ್ನಿಧಿಗೆ,

ಈ ತಾರೀಖು ತಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಹುಡುಕುವ ತ್ರಾಸ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ಇಸವಿ ಎಣಿಸುವ ರೂಢಿ ತಪ್ಪಿ ಬಹಳ ಕಾಲವಾಯಿತು. ಊರ ಸುತ್ತ ಮುಚ್ಚಬೇಕಾದ ತೂತುಗಳು ಎಷ್ಟು ಉಳಿದಿವೆ ಎಂಬುದರ ಮೇಲೆ ವರ್ಷಕ್ಕೆ ಹೆಸರು ಬೀಳುತ್ತದೆ. ನನ್ನ ಅವ್ವ ಹುಟ್ಟಿದ್ದು ನೂರಾ ಹತ್ತು ಬಾಕಿ ಇದ್ದ ವರ್ಷ, ನಾನು ಹುಟ್ಟಿದ್ದು ನಲವತ್ತು ಬಾಕಿ ಇದ್ದ ವರ್ಷ. ತಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಇದು ತಾವು ಸತ್ತು ಮಣ್ಣಾಗಿ, ತಮ್ಮ ಸಮಾಧಿಯ ಮೇಲಿನ ಪರಸಿ ಕಲ್ಲಿನ ಚಪ್ಪಡಿಯನ್ನು ಯಾರೋ ಹೊಸ್ತಿಲಿಗೆ ಒಯ್ದ ನಂತರದ ಮಾತು. ನಮ್ಮ ಕೆಲವು ಪದಗಳು ತಮಗೆ ವಿಚಿತ್ರ ಎನಿಸಬಹುದು, ಕ್ಷಮೆ ಇರಲಿ. ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ಊರಿಗೊಂದೇ ಸಿಗುತ್ತದೆ. ಒಮ್ಮೆ ಕಳಿಸಿದರೆ ಮುಗಿಯಿತು. ಕಲ್ಲಿನೊಳಗೆ ಸದ್ದು ಸಾಯುವುದಿಲ್ಲವಂತೆ, ತಿರುಗುತ್ತಲೇ ಇರುತ್ತದಂತೆ, ಆ ಸದ್ದಿನ ಬೆನ್ನೇರಿಸಿ ಅಕ್ಷರ ಕಳಿಸುತ್ತಾರಂತೆ. ಓಲೆಕಚೇರಿಯವರು ಹೇಳಿದ್ದು ಇಷ್ಟು, ನನಗೆ ತಿಳಿದದ್ದು ಅದಕ್ಕಿಂತ ಕಡಿಮೆ. ತಾವು ಈಗಷ್ಟೇ ರೆಕಾರ್ಡಿಂಗ್ ಗಾಡಿಯಲ್ಲಿ ಕುಳಿತು, ವೈರ್‌ಲೆಸ್‌ನಲ್ಲಿ ಎಲ್ಲರನ್ನೂ ಸುಮ್ಮನಿರಿಸಿ, ಗುಂಡಿ ಒತ್ತಿದ್ದೀರಿ. ಹೊರಗೆ ನೆಲದಡಿ ಮದ್ದು ಸಿಡಿದಿದೆ. ಪರದೆಯ ಮೇಲೆ ದಿನವೂ ಬರುವ ಅಂಕುಡೊಂಕು ಗೆರೆಗಳ ಬದಲು ಅಕ್ಷರಗಳು ಬಂದಿವೆ. ಗಾಬರಿಯಾಗಬೇಡಿ. ಎಣ್ಣೆ ಎಲ್ಲಿದೆ ಎಂದು ತಾವು ನೆಲವನ್ನು ಬಡಿದು ಕೇಳಿದಿರಿ, ನೆಲ ಉತ್ತರ ಕೊಟ್ಟಿದೆ.

ತಾವು, ಸಾಹೇಬರು, ಸನ್ನಿಧಿ ಎಂದೆಲ್ಲ ಬರೆಯಲು ಹೇಳಿದವರು ನಮ್ಮ ಊರ ಪಂಚರು. "ಕೈ ಮುಗದು ಬರಿಯವ್ವ, ದೊಡ್ಡ ಸಾಹೇಬ ಅದಾನ, ಸಿಟ್ಟಿಗೆದ್ರ ನಮ್ ಕೆಲಸ ಕೆಡ್ತದ" ಎಂದರು. ಇಷ್ಟು ಹೊತ್ತು ಮುಗಿದೆ. ಸಾಕು, ಇನ್ನು ಮುಂದೆ ನೀನು. ನಾನು ಮಲಕವ್ವ, ನಿನ್ನ ಮೊಮ್ಮಗನ ಮೊಮ್ಮಗಳು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುವುದು ನಿನಗೂ ಗೊತ್ತು. ನಿನಗಿನ್ನೂ ಮದುವೆಯಾಗಿಲ್ಲ, ಮೀಸೆ ತಿರುವಿ ಕನ್ನಡಿ ನೋಡುವ ವಯಸ್ಸು. ಮುತ್ಯಾ ಎಂದರೆ ಬೇರೆ ಯಾರನ್ನೋ ಕರೆದರೆಂದು ಹಿಂದೆ ತಿರುಗಿ ನೋಡುತ್ತೀಯ. ಅಯ್ಯೋ, ನಿನ್ನನ್ನೇ ಕರೆದದ್ದು. ಗಾಡಿಯ ಬಾಗಿಲು ಹಾಕಿಕೊಂಡು ಕೂತುಕೋ ಮುತ್ಯಾ, ಬೈಗಳು ಬಹಳ ಇವೆ.

ನಿನ್ನ ತಂಡದ ಕೆಲಸ ನನಗೆ ಗೊತ್ತಿಲ್ಲ ಎಂದು ತಿಳಿಯಬೇಡ. ನಮ್ಮ ಮನೆಯ ಮಕ್ಕಳಿಗೆ ಓದು ಬರುವ ಮೊದಲೇ ಅದನ್ನು ಬಾಯಿಪಾಠ ಮಾಡಿಸುತ್ತಾರೆ. ಮೊದಲು ಬರುವವರು ಅಳತೆಯವರು. ಹೊಲ, ಹಳ್ಳ, ಬದು ಯಾವುದನ್ನೂ ಲೆಕ್ಕಿಸದೆ ನೆಟ್ಟಗೆ ಗೆರೆ ಹಿಡಿದು ಗೂಟ ಹೊಡೆಯುತ್ತಾರೆ, ಗೂಟಕ್ಕೆ ಕೆಂಪು ರಿಬ್ಬನ್ ಕಟ್ಟುತ್ತಾರೆ. ಬೆಳಗಾಗುವಷ್ಟರಲ್ಲಿ ಅರ್ಧ ರಿಬ್ಬನ್ ಹುಡುಗಿಯರ ಜಡೆಯಲ್ಲಿ, ಉಳಿದರ್ಧ ಆಡಿನ ಹೊಟ್ಟೆಯಲ್ಲಿ. ಮತ್ತೆ ಬಂದು ಕಟ್ಟುತ್ತಾರೆ. ಬೆಳೆ ತುಳಿಸಿಕೊಂಡ ರೈತರನ್ನು ಸಮಾಧಾನ ಮಾಡಲು ಒಬ್ಬನನ್ನು ಬೇರೆ ಇಟ್ಟಿರುತ್ತೀರಿ, ಅವನ ಕೆಲಸವೇ ಬೈಸಿಕೊಳ್ಳುವುದು. ಆಮೇಲೆ ಡ್ರಿಲ್ಲಿಂಗ್ ಗಾಡಿ ಬಂದು ಗೂಟವಿದ್ದಲ್ಲಿ ತೂತು ಕೊರೆಯುತ್ತದೆ. ತಳಕ್ಕೆ ಮದ್ದು ಇಳಿಸಿ, ಎರಡು ತಂತಿ ಮಾತ್ರ ಮೇಲೆ ಬಿಟ್ಟು, ಮಣ್ಣು ತುಂಬಿ ಜಡಿಯುತ್ತಾರೆ. ನಂತರ ಕೇಬಲ್ ಹೊತ್ತ ಕೂಲಿಯವರು ಮೈಲಿಗಟ್ಟಲೆ ಜಿಯೋಫೋನ್ ನೆಡುತ್ತಾ ಹೋಗುತ್ತಾರೆ, ಒಂದೊಂದನ್ನೂ ಹಿಮ್ಮಡಿಯಿಂದ ಒತ್ತಿ. ನಾವು ಅದಕ್ಕೆ ಕಿವಿಗೂಟ ಎನ್ನುತ್ತೇವೆ, ನೆಲದ ನಡುಕ ಕೇಳಿಸಿಕೊಳ್ಳುವ ಮೊಳೆ ಅದು.

ಎಲ್ಲ ಸಜ್ಜಾದ ಮೇಲೆ ನಿನ್ನ ದನಿ ಬರುತ್ತದೆ. ಪಂಪ್‌ಸೆಟ್ ನಿಲ್ಲಬೇಕು, ಬಂಡಿ ನಿಲ್ಲಬೇಕು, ಹೊಲದಲ್ಲಿ ಕಳೆ ತೆಗೆಯುವ ಹೆಂಗಸರೂ ಕಾಲು ಎತ್ತಿದಲ್ಲೇ ನಿಲ್ಲಬೇಕು. ಒಂದು ಎಮ್ಮೆ ನಡೆದರೂ ಕಿವಿಗೂಟ ಅದನ್ನು ಕೇಳುತ್ತದೆ. ನೀನು ಗುಂಡಿ ಒತ್ತುತ್ತೀಯ, ನೆಲ ಒಮ್ಮೆ ಗುದ್ದುತ್ತದೆ, ತೂತಿನಿಂದ ಕೆಸರು ಚಿಮ್ಮುತ್ತದೆ. ಪದರ ಪದರಕ್ಕೆ ತಾಗಿ ವಾಪಸು ಬಂದ ಸದ್ದನ್ನು ಗಾಡಿ ಬರೆದುಕೊಳ್ಳುತ್ತದೆ. ಹಿಂದಿನ ಕೇಬಲ್ ಕಿತ್ತು ಮುಂದಕ್ಕೆ ಒಯ್ದು ಮತ್ತೆ ನೆಡುತ್ತಾರೆ. ಎಲ್ಲರ ಹಿಂದೆ, ಬಾಲದ ತುದಿಗೆ, ತೂತು ಮುಚ್ಚುವವರು ಬರಬೇಕು. ಕೆಲಸ ತಡವಾದಾಗ ಸಾಹೇಬರು ಮೊದಲು ಕೀಳುವುದು ಇವರನ್ನೇ. ನೀನೂ ಅದನ್ನೇ ಮಾಡಿದೆ. ಮುಚ್ಚುವವರನ್ನು ಕೇಬಲ್ ಹೊರಲು ಹಚ್ಚಿ, ಅವರ ಜೇಡಿಮಣ್ಣಿನ ಉಂಡೆ, ಸಿಮೆಂಟನ್ನೆಲ್ಲ ಹೊಳೆಯಾಚೆಯ ಹಳೆ ಕ್ಯಾಂಪಿನಲ್ಲೇ ಬಿಟ್ಟು ಬಂದೆ. ತೂತಿನ ಬಾಯಿಗೆ ಗೊಬ್ಬರದ ಖಾಲಿ ಚೀಲ ತುರುಕಿ, ಮೇಲೆ ನಾಲ್ಕು ಹಿಡಿ ಎರೆಮಣ್ಣು ಎಳೆದರೆ ಯಾರಿಗೆ ಕಾಣುತ್ತದೆ ಎಂದೆ.

ಕಾಣುತ್ತದೆ ಮುತ್ಯಾ. ನಮಗೆ ಕಂಡಿತು.

ನಮ್ಮ ನೆಲದಲ್ಲಿ ಮೇಲೆ ಸಿಹಿನೀರು, ಕೆಳಗೆ ಒತ್ತಡದಲ್ಲಿ ಕಹಿನೀರು, ಎರಡರ ನಡುವೆ ಜೇಡಿಕಲ್ಲಿನ ಒಂದು ಪದರ. ದೇವರು ಹಾಕಿದ ಮುಚ್ಚಳ ಅದು. ನಿನ್ನ ತೂತುಗಳು ಆ ಮುಚ್ಚಳವನ್ನು ದಾಟಿ ಹೋದವು. ಎಣ್ಣೆಯಾದರೂ ಸಿಕ್ಕಿತೇ? ಇಲ್ಲ. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ನೀವು ಇಲಿಯನ್ನೂ ಹಿಡಿಯಲಿಲ್ಲ. ಕಂಪನಿ ಗಂಟುಮೂಟೆ ಕಟ್ಟಿ ಬೇರೆ ಜಿಲ್ಲೆಗೆ ಹೋಯಿತು. ಕಹಿನೀರು ಮಾತ್ರ ಅವಸರವಿಲ್ಲದೆ ಮೇಲೇರಿತು. ಮೊದಲು ಸಾಬೂನು ನೊರೆ ಬಿಡುವುದು ನಿಂತಿತು. ಆಮೇಲೆ ಬೇಳೆ ಬೇಯುವುದು ನಿಂತಿತು. ತೊಗರಿಯ ನಾಡಿನಲ್ಲಿ ಬೇಳೆ ಬೇಯುವುದಿಲ್ಲ ಎಂದರೆ ಅದಕ್ಕಿಂತ ಅವಮಾನ ಉಂಟೇ? ಬೆಳಿಗ್ಗೆ ಒಲೆ ಮೇಲಿಟ್ಟ ಬೇಳೆ ಮಧ್ಯಾಹ್ನ ತಟ್ಟೆಗೆ ಬಿದ್ದರೆ ಟಣ್ ಎನ್ನುತ್ತದೆ. ಆಮೇಲೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ, ಆಮೇಲೆ ಮೊಣಕಾಲು ಬಾಗುವುದು. ನನ್ನ ತಂಗಿ ಕಾಶವ್ವ ಕೋಲು ಹಿಡಿದೇ ನಡೆಯಲು ಕಲಿತವಳು. ಆ ಕೋಲಿನಿಂದ ಅವಳು ಯಾರ್ಯಾರಿಗೆ ಹೊಡೆದಿದ್ದಾಳೆ ಎಂಬುದು ಬೇರೆ ಕತೆ.

ನಾವು ಕುಡಿಯುವುದು ಇಬ್ಬನಿಬಲೆಯ ನೀರು. ಮಾಳಿಗೆಯ ಮೇಲೆ ಬಲೆ ಕಟ್ಟಿ, ನಸುಕಿನಲ್ಲಿ ಅದರ ಹನಿ ಸೋರಿಸಿಕೊಂಡು, ಊರ ನಡುವಿನ ತೊಟ್ಟಿಗೆ ಹಾಕುತ್ತೇವೆ. ಮನೆಗೊಂದು ಸರತಿ. ತೊಟ್ಟಿಯ ಮುಂದೆ ನಿಂತ ಹೆಂಗಸರ ಬಾಯಲ್ಲಿ ನಿನ್ನ ಹೆಸರು ಈಗಲೂ ಜೀವಂತ. ಗಡಿಗೆಯ ಮುಚ್ಚಳ ಓರೆಯಾಗಿದ್ದರೆ ಅದಕ್ಕೆ ಹಾದಿಮನಿ ಮುಚ್ಚಳ ಎನ್ನುತ್ತಾರೆ. ಸೊಸೆ ರೊಟ್ಟಿ ಬುಟ್ಟಿಯನ್ನು ಅರೆಬರೆ ಮುಚ್ಚಿಟ್ಟರೆ ಅತ್ತೆಯ ಬಾಯಿಂದ ಬರುವ ಮೊದಲ ಮಾತು, "ಏನವ್ವ, ಹಾದಿಮನ್ಯಾರ ಪೈಕಿ ಏನ್ ನೀ?" ಎಂದು. ಹಾದಿಮನಿಯವರ ಸರತಿ ಎಲ್ಲರಿಗಿಂತ ಕಡೆಗೆ. ಉಳಿದರೆ ಉಂಟು, ಇಲ್ಲದಿದ್ದರೆ ಬಾವಿಯ ಕಹಿ. ಬರಬರುತ್ತಾ ಹಾದಿಮನಿಯವರ ಮನೆಗೆ ಹೆಣ್ಣು ಕೊಡುವವರಿಲ್ಲದಾದರು, ಹಾದಿಮನಿಯವರ ಹೆಣ್ಣು ತರುವವರಿಲ್ಲದಾದರು. ಈಗ ಆ ಹೆಸರಿನವರು ಉಳಿದದ್ದು ನಾನು ಮತ್ತು ಕಾಶವ್ವ, ಇಬ್ಬರೇ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಮ್ಮಲ್ಲಿ ಮಾಡಿದ ಮಹರಾಯ ಸುಖವಾಗಿ ಸತ್ತ, ಉಣ್ಣುತ್ತಿರುವವರು ನಾವು.

ತೂತು ಮುಚ್ಚುವವರಿಗೆ ನಮ್ಮಲ್ಲಿ ಮುಚ್ಚಿಗರು ಎನ್ನುತ್ತಾರೆ. ನಾನೂ ಮುಚ್ಚಿಗಿತ್ತಿ. ನಮ್ಮ ತಂಡವೂ ನಿನ್ನ ತಂಡದಂತೆಯೇ ನಡೆಯುತ್ತದೆ, ಎಣ್ಣೆಗಾಗಿ ಅಲ್ಲ, ನಿನ್ನ ಹೊಲಸು ಹುಡುಕಲಿಕ್ಕೆ. ನಿನ್ನ ಗೆರೆಯ ಮೇಲೆಯೇ ಕಿವಿಗೂಟ ನೆಡುತ್ತೇವೆ. ಮದ್ದು ಹಾಕುವುದಿಲ್ಲ, ಬಡಿಗಲ್ಲು ಎಂಬ ದೊಡ್ಡ ಗುಂಡುಕಲ್ಲನ್ನು ಹಗ್ಗದಿಂದ ಎತ್ತಿ ಬಿಡುತ್ತೇವೆ. ತೂತಿದ್ದಲ್ಲಿ ಸದ್ದು ಟೊಳ್ಳಾಗಿ ಬರುತ್ತದೆ. ತಂಡದ ಮುಂದೆ ಯಾವಾಗಲೂ ಹಾದಿಮನಿಯವರು ನಡೆಯಬೇಕು, ನೆಲ ಕುಸಿದರೆ ಮೊದಲು ಅವರೇ ಹೋಗಲಿ ಎಂದು. ನಮ್ಮ ಅಪ್ಪ ಹಾಗೆಯೇ ಹೋದ. ಈಗ ಮುಂದೆ ನಡೆಯುವವಳು ನಾನು.

ತಂಡದ ಯಜಮಾನಿ ಜಗದೇವಕ್ಕ. ಅವಳ ಗಂಟಲಿಗೆ ವೈರ್‌ಲೆಸ್ ಬೇಕಿಲ್ಲ. "ಸುಮ್ಮ ನಿಲ್ರೆಲೇ!" ಎಂದು ಕೂಗಿದರೆ ಪಕ್ಕದ ಊರಿನ ನಾಯಿಯೂ ಬೊಗಳುವುದು ನಿಲ್ಲಿಸುತ್ತದೆ. ಆ ಹೊತ್ತಿಗೆ ಸುಮ್ಮನಗಳಿಗೆ ಎಂದು ಹೆಸರು. ತೊಟ್ಟಿಲ ಕೂಸಿಗೂ ಮೊಲೆ ಕೊಟ್ಟು ಬಾಯಿ ಕಟ್ಟುತ್ತಾರೆ. ಒಮ್ಮೆ ಸುಮ್ಮನಗಳಿಗೆಯಲ್ಲಿ ರಾಚಪ್ಪ ಮುತ್ಯಾ ಎಂಬ ಮುದುಕ ಕೆಮ್ಮಿಬಿಟ್ಟ. ಕಿವಿಗೂಟ ಅದನ್ನೇ ತೂತೆಂದು ತೋರಿಸಿತು, ನಾವು ಬಿಸಿಲಲ್ಲಿ ದಿನವಿಡೀ ಅವನ ಕೆಮ್ಮನ್ನು ಅಗೆದೆವು. "ಇನ್ನಷ್ಟು ಆಳ ತೋಡ್ರಿ, ಕಫಾನೂ ಸಿಗ್ತದ" ಎಂದು ಜಗದೇವಕ್ಕ ಅವನ ಮುಂದೆಯೇ ಹೇಳಿದಳು. ಇಂಥ ನಗೆಯೂ ನಮ್ಮಲ್ಲಿ ಉಂಟು. ಅತ್ತುಕೊಂಡೇ ಕುಳಿತಿದ್ದೇವೆಂದು ತಿಳಿದು ನೀನು ಮರುಗುವುದು ಬೇಡ.

ಹೀಗೆ ಒಂದೊಂದಾಗಿ ಮುಚ್ಚುತ್ತಾ ಬಂದೆವು. ಕಡೆಗೆ ಒಂದು ಉಳಿಯಿತು. ಗೆರೆಯ ಮೇಲೆ ನಮ್ಮ ಊರ ಸಕ್ಕರಿ ಬಾವಿಯ ಹತ್ತಿರ ಒಂದು ತೂತು ಇರಲೇಬೇಕು, ಇಲ್ಲ. ಗೂಟ ಬಾವಿಯ ಹತ್ತಿರ ಬಿದ್ದರೆ ಅಲ್ಲಿ ಕೊರೆಯಬಾರದು, ಪಕ್ಕಕ್ಕೆ ಸರಿಯಬೇಕು ಎಂಬುದು ನಿಮ್ಮದೇ ಕಾಯಿದೆ. ನಾವು ಅದಕ್ಕೆ ಮಗ್ಗುಲಹೆಜ್ಜೆ ಎನ್ನುತ್ತೇವೆ. ಬಾವಿಯ ಬಡಗಣಕ್ಕೆ ಖಾಲಿ ಬೀಳುಭೂಮಿ, ತೆಂಕಣಕ್ಕೆ ನಮ್ಮ ಮನೆ. ಬುದ್ಧಿ ಇದ್ದವನು ಬೀಳಿನತ್ತಲೇ ಸರಿಯುತ್ತಾನೆ. ಅಲ್ಲಿ ಬಡಿದೆವು, ಅಗೆದೆವು, ನನ್ನ ಪ್ರಾಯವೆಲ್ಲ ಆ ಬೀಳಿನಲ್ಲಿ ಸವೆಯಿತು. ತೂತು ಸಿಗಲಿಲ್ಲ. ಅತ್ತ ಸಕ್ಕರಿ ಬಾವಿಯ ನೀರು ಕಹಿಯಾಗುತ್ತಲೇ ಹೋಯಿತು. ಹೆಸರು ಮಾತ್ರ ಸಕ್ಕರಿ. ಅದರ ಸಿಹಿ ಹೇಗಿತ್ತು ಎಂದು ಹೇಳಬಲ್ಲವರು ಊರಲ್ಲಿ ಒಬ್ಬರೂ ಉಳಿದಿಲ್ಲ.

ಹೋದ ವಾರ ಮಣ್ಣೆತ್ತಿನ ಅಮವಾಸ್ಯೆ. ಕಾಶವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ನೆರೆಮನೆಯ ಕೂಸುಗಳಿಗೆ ಎತ್ತು ಮಾಡಿಕೊಡುತ್ತಾ, ನಮ್ಮ ಮನೆಯ ಹಳೆಯ ಸೋಬಾನೆ ಹಾಡುತ್ತಿದ್ದಳು. ನಿನ್ನ ಮದುವೆಯ ಹಾಡು ಮುತ್ಯಾ. ಊರೆಲ್ಲ ನಿನಗೆ ಉಗಿದರೂ ನಮ್ಮ ಮನೆಯೊಳಗೆ ನಿನಗೊಂದು ಹಾಡಿತ್ತು.

ಹಾರೆ ಹಿಡಿಯಲಿಲ್ಲ, ನೆಲವ ತೋಡಲಿಲ್ಲ,
ತಾನೇ ಬಾಯ್ ತೆರೆದಾಳ ಭೂಮಿತಾಯಿ ಸೋ
ನೀಲಗಂಗಿಯ ಹಂದರಕ ಕಂಬ ಕೊಂಡಾಳ ಸೋ.

ನನ್ನ ಕೈಯಲ್ಲಿದ್ದ ಮಣ್ಣು ಹಾಗೆಯೇ ಉಳಿಯಿತು. ಚಿಕ್ಕಂದಿನಿಂದ ನೂರು ಸಲ ಕೇಳಿದ ಹಾಡು. ಮದುಮಗಳು ನೀಲಗಂಗಿಯ ಮನೆಯಂಗಳದಲ್ಲಿ ಮದುವೆಯ ಹಂದರ ಹಾಕುವ ದಿನ, ಮುತ್ತೈದೆಯರು ಹಂದರಗಂಬಕ್ಕೆ ಅರಿಶಿನ ಹಚ್ಚಿ, ಗಂಡಸರು ತೋಡಲು ಹಾರೆ ಎತ್ತಿದರೆ, ಅಂಗಳದ ಅಂಚಿನಲ್ಲಿ ಕಲ್ಲಿನಡಿ ಕಂಬದ ದಪ್ಪಕ್ಕೆ ಸರಿಯಾದ ತೂತು ತಯಾರಾಗಿತ್ತಂತೆ. ಭೂಮಿತಾಯಿಯೇ ಒಪ್ಪಿ ಬಾಯಿ ತೆರೆದಳು, ಇಂಥ ಶುಭ ಯಾರಿಗುಂಟು ಎಂದು ಊರೇ ಕೈ ಮುಗಿಯಿತಂತೆ. ತೋಡುವ ತ್ರಾಸ ತಪ್ಪಿತು ಎಂದು ನೀನು ನಕ್ಕೆಯಂತೆ. ಹಂದರ ಬಿಚ್ಚಿದ ಮೇಲೂ ಆ ಕಂಬ ಕೀಳಬಾರದೆಂದು ಬುಡ ಹಾಗೆಯೇ ಬಿಟ್ಟು, ಸುತ್ತ ಕಟ್ಟೆ ಕಟ್ಟಿ, ನಿತ್ಯ ಪೂಜೆ ಮಾಡಿದರಂತೆ. ಆಮೇಲೆ ಮನೆ ಬೆಳೆಯಿತು, ಕಟ್ಟೆ ನಮ್ಮ ದೇವರಮನೆಯ ನೆಲದಡಿ ಸೇರಿತು. ಆ ನೆಲದ ಮೇಲೆ ನಾನು ದಿನಾ ದೀಪ ಹಚ್ಚುತ್ತಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಯಾರ ಸಲುವಾಗಿ ಹುಟ್ಟಿತೋ, ನಮಗೆ ಮಾತ್ರ ಸರಿಯಾಗಿ ಹೊಂದಿತು.

ಜಗದೇವಕ್ಕನನ್ನು ಕರೆದೆ. ದೇವರನ್ನು ಎತ್ತಿ ಹೊರಗಿಟ್ಟು ನೆಲದ ಕಲ್ಲು ಎಬ್ಬಿಸಿದೆವು. ಕಂಬ ಕೊಳೆತು ಹುಡಿಯಾಗಿತ್ತು. ಅದರ ಕೆಳಗೆ ನಿನ್ನ ಗೊಬ್ಬರದ ಪ್ಲಾಸ್ಟಿಕ್ ಚೀಲ, ಹಸಿರು ಬಣ್ಣದ ಬರಹ ಸಮೇತ ಹಾಗೆಯೇ ಇತ್ತು. ಮದುವೆಯ ಕಂಬ ಹುಡಿಯಾದರೂ ನಿನ್ನ ಮೋಸ ಕೊಳೆತಿರಲಿಲ್ಲ. ಚೀಲ ಕಿತ್ತು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಎಷ್ಟು ಆಡಿಸಿದರೂ ಕಲ್ಲು ಯಾವ ಗೋಡೆಗೂ ತಾಗಲಿಲ್ಲ. ಇಷ್ಟು ವರ್ಷ ಕಹಿನೀರು ಒಳಗೊಳಗೇ ತಿಂದು, ಅಂಗೈ ಅಗಲದ ತೂತು ಒಳಗೆ ಮನೆಯಷ್ಟು ಅಗಲವಾಗಿದೆ. ಬಾವಿಯ ಗಂಟಲಿಗೆ ಸೇರಿಕೊಂಡಿದೆ. ಜಗದೇವಕ್ಕ ಹಗ್ಗ ಎಳೆದುಕೊಂಡು, "ಇದು ತೂತಲ್ಲ ಮಲಕವ್ವ, ಹೊಂಡ. ಇದಕ್ಕ ಮುಚ್ಚಳ ಇಲ್ಲ" ಎಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಕೇಳಿರಲಿಲ್ಲ.

ಊರು ನಮ್ಮನ್ನು ಹೊಡೆಯುತ್ತದೆ ಎಂದುಕೊಂಡೆ. ಹೊಡೆಯಲಿಲ್ಲ. ಮರುದಿನ ಬೆಳಿಗ್ಗೆ ತೊಟ್ಟಿಯ ಹತ್ತಿರ ನನ್ನನ್ನು ಕರೆದು ಮೊದಲ ಸರತಿ ಕೊಟ್ಟರು. ಹಾದಿಮನಿಯವರಿಗೆ ಮೊದಲ ಸರತಿ! ಮುಚ್ಚಳವಿಲ್ಲದ ಹೊಂಡಕ್ಕೆ ಇನ್ನೊಂದೇ ದಾರಿ ಎಂದು, ಊರ ಒಂದೇ ಹಿಂದೋಲೆಯನ್ನೂ ನನ್ನ ಕೈಗೇ ಕೊಟ್ಟರು. ಎಲ್ಲ ಮುಗಿದ ಮೇಲೆ ಇನ್ನು ಯಾರ ಮೇಲೆ ಸಿಟ್ಟು ಎಂದು ಅವರಿಗೆ ಅನಿಸಿರಬೇಕು. ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಅವರು ಬಿಟ್ಟ ಸಿಟ್ಟೆಲ್ಲ ಈಗ ನನ್ನೊಬ್ಬಳ ಪಾಲಿಗೆ ಬಂದಿದೆ, ನಾನು ಬಿಡುವವಳಲ್ಲ.

ಈಗ ಬೀಳಿನತ್ತ ಸರಿಯದೆ ಅಂಗಳದತ್ತ ಏಕೆ ಸರಿದೆ ಎಂದು ನಾನು ಕೇಳಬೇಕಿಲ್ಲ. ನಮ್ಮ ಮನೆಯ ಕತೆಯಲ್ಲೇ ಅದಿದೆ. ನಿನ್ನೆ ಆ ಅಂಗಳದಲ್ಲಿ ಬಸಲಿಂಗವ್ವನ ಮಗಳು ನೀಲಗಂಗಾ ಶಾವಿಗೆ ಒಣಹಾಕುತ್ತಿದ್ದಳು. ನೀನು ಡ್ರಿಲ್ಲಿಂಗಿನವರಿಗೆ ಬೀಳು ಬಿಟ್ಟು ಅಂಗಳ ತೋರಿಸಿದೆ. ಅವಳನ್ನು ಇನ್ನೊಂದು ದಿನ ಹತ್ತಿರದಿಂದ ನೋಡಲಿಕ್ಕೆ ಒಂದು ಊರಿನ ನೀರಿಗೆ ತೂತು ಕೊರೆದೆ. ಮದ್ದು ಸ್ವಲ್ಪವೇ ಹಾಕಿಸಿದೆ ಎಂದು ಸಮಾಧಾನ ಹೇಳಿಕೊಂಡಿರಬೇಕು. ಆದರೂ ಅವರ ಗೋಡೆ ಬಿರುಕು ಬಿಟ್ಟಿದೆ, ಇಳಿದು ನೋಡು. ಕತೆಯ ಪ್ರಕಾರ ಇನ್ನು ಸ್ವಲ್ಪ ಹೊತ್ತಿಗೆ ಬಸಲಿಂಗವ್ವ ಬಾಗಿಲಲ್ಲಿ ನಿಂತು ನಿನ್ನನ್ನು ಕರೆಯುತ್ತಾಳೆ. "ಸಾಹೇಬ್ರ, ನಮ್ ಗ್ವಾಡಿ ಸೀಳೀರಿ, ಇರ್ಲಿ, ಬಿಸಲಾಗ ನಿಂತೀರಿ, ಚಾ ಕುಡದು ಹೋಗ್ರಿ" ಎಂದು. ಒಳಗೆ ಹೊನ್ನಕೇರಿಯಿಂದ ಹೆಣ್ಣು ನೋಡಲು ಬಂದ ಬೀಗರು ಕುಳಿತಿದ್ದಾರೆ. ನೀನು ಒಳಗೆ ಹೋಗಿ, ಚಹಾ ಕುಡಿದು, ಬಿರುಕು ತಡವಿ, ಇದನ್ನು ನಾನೇ ನಿಂತು ಕಟ್ಟಿಸಿಕೊಡುತ್ತೇನೆ ಎಂದು ದೊಡ್ಡ ಮಾತಾಡುತ್ತೀಯ. ಒಳಗೆ ಸಾಹೇಬನಾಗಿ ಹೋದವನು ಹೊರಗೆ ಅಳಿಯನಾಗಿ ಬಂದ ಎಂದು ನಮ್ಮಜ್ಜಿ ಹೇಳುತ್ತಿದ್ದಳು, ಹೇಳಿ ನಗುತ್ತಿದ್ದಳು. ಹೊನ್ನಕೇರಿಯವರು ಚಹಾ ಲೋಟ ಕೆಳಗಿಟ್ಟು ಎದ್ದು ಹೋದರು. ಕಂಪನಿ ಹೋದ ಮೇಲೂ ನೀನು ಮನೆ ಅಳಿಯನಾಗಿ ಇಲ್ಲೇ ಉಳಿದೆ. ಬಾವಿ ಕಹಿಯಾಗುವುದನ್ನು ಕಣ್ಣಾರೆ ನೋಡಿದೆ. ಕೇಳಿದವರಿಗೆ ಮಳೆ ಕಡಿಮೆ ಎಂದೆ. ಉಂಡೂ ಹೋದ, ಕೊಂಡೂ ಹೋದ ಎಂದರೆ ಇದೇ.

ಈಗ ಗಾಡಿಯಿಂದ ಇಳಿ. ತೂತಿನ ಹತ್ತಿರ ಹೋಗು. ಬಾಯಿಯ ಸುತ್ತ ನೀರು ಜಿನುಗುತ್ತಿದೆ. ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟು ನೋಡು. ನಾನು ಹುಟ್ಟಿದಾಗಿನಿಂದ ಕುಡಿದದ್ದು ಅದನ್ನೇ. ನನ್ನ ಮಾತು ಸುಳ್ಳೆಂದು ಇನ್ನು ಹೇಳಬೇಡ.

ಮುಚ್ಚುವುದು ಹೇಗೆಂದು ಹೇಳುತ್ತೇನೆ, ಸರಿಯಾಗಿ ಕೇಳಿಸಿಕೋ. ಬೇರೆ ಯಾರನ್ನೂ ಕಳಿಸಬೇಡ, ಕಳಿಸಿದರೆ ಅವರು ಇನ್ನೊಂದು ಚೀಲ ತುರುಕಿ ಬರುತ್ತಾರೆ. ನಿನ್ನ ಜೀಪಿನಲ್ಲಿ ಹೊಳೆಯಾಚೆಯ ಕ್ಯಾಂಪಿಗೆ ನೀನೇ ಹೋಗಿ ಜೇಡಿ ಉಂಡೆ, ಸಿಮೆಂಟು ತಾ. ಉಂಡೆ ಒಂದೊಂದೇ ಇಳಿಬಿಡು. ಬೊಗಸೆಗಟ್ಟಲೆ ಸುರಿದರೆ ನಡುವೆ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ಉದ್ದ ಕೋಲಿನಿಂದ ತಡವಿ ನೋಡುತ್ತಾ ಹೋಗು. ಉಂಡೆ ನೀರು ಕುಡಿದು ಉಬ್ಬಲು ಬಿಡು, ಅವಸರ ಮಾಡಬೇಡ, ಈ ಕೆಲಸಕ್ಕೆ ಅವಸರವೇ ಯಮ. ಬಾಯಲ್ಲಿ ಜಿನುಗುವುದು ಪೂರಾ ನಿಂತ ಮೇಲೆ ಸಿಮೆಂಟ್ ಗಾರೆ, ಅದರ ಮೇಲೆ ಮಣ್ಣು, ಮಣ್ಣನ್ನು ಹಿಮ್ಮಡಿಯಿಂದ ತುಳಿ. ಚೆನ್ನಾಗಿ ಮುಚ್ಚಿದ ತೂತಿನ ಮೇಲೆ ನಿಂತರೆ ಕಾಲಿಗೆ ತಿಳಿಯುತ್ತದೆ. ಅಷ್ಟೆಲ್ಲ ಆಗುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಮರುದಿನದಿಂದ ಗೆರೆಯ ಮೇಲೆ ಹಿಂದಕ್ಕೆ ನಡೆದು, ಬಿಟ್ಟುಬಂದ ಒಂದೊಂದನ್ನೂ ಹೀಗೆಯೇ ಮುಚ್ಚು.

ನೀನು ಹೊಳೆ ದಾಟಿ ಬರುವಷ್ಟರಲ್ಲಿ ಬಸಲಿಂಗವ್ವನ ಮನೆಯಲ್ಲಿ ಎಲೆಅಡಿಕೆ ಬದಲಾಗಿರುತ್ತದೆ. ನೀಲಗಂಗಾ ಹೊನ್ನಕೇರಿಯ ಸೊಸೆಯಾಗುತ್ತಾಳೆ. ಅವರು ಒಳ್ಳೆಯ ಜನ, ಇವತ್ತಿಗೂ ಆ ಮನೆತನ ನಗುನಗುತ್ತಾ ಇದೆ, ಅವಳಿಗೆ ಕೆಟ್ಟದ್ದೇನೂ ಆಗುವುದಿಲ್ಲ. ನೀನು ಸಿಮೆಂಟಿನ ಕೈ ತೊಳೆದುಕೊಳ್ಳುತ್ತಾ ಆ ಬಾಗಿಲ ಮುಂದೆ ನಿಂತಿರುತ್ತೀಯ. ಇದೇ ನನಗೆ ಬೇಕಾದದ್ದು. ಪಂಚರಿಗೆ ನೀರು ಬೇಕು. ನನಗೆ ನೀರೂ ಬೇಕು, ನಿನ್ನ ಹೊಟ್ಟೆ ಉರಿಯುವುದೂ ಬೇಕು.

ಹಾಗೆ ನಡೆದರೆ ನಿನ್ನ ಮದುವೆಯಿಲ್ಲ, ಆ ಹಾಡಿಲ್ಲ, ನಾನೂ ಇಲ್ಲ. ಇದನ್ನು ಪಂಚರಿಗೆ ಹೇಳಿಲ್ಲ. ಹೇಳಿದರೆ ನಮ್ಮ ಜೀವ ಹೋಗಬಾರದೆಂದು ಅವರು ಪತ್ರ ಕಿತ್ತುಕೊಂಡಾರು, ಮೊದಲ ಸರತಿ ಕೊಟ್ಟ ಜನ. ಕಾಶವ್ವನಿಗೆ ಹೇಳಿದೆ, ಅದು ಅವಳ ಜೀವದ ಮಾತೂ ಹೌದು. ಅವಳು ಕೋಲಿನಿಂದ ನೆಲ ಕುಟ್ಟಿದಳು. ಆಮೇಲೆ, "ನಾ ಇಲ್ದಂಗ ಆದ್ರೂ ಅಡ್ಡಿಲ್ಲಕ್ಕ, ಆದ್ರ ಅಂವ ಆ ಮದ್ವಿ ಊಟ ಉಣಬಾರದು ನೋಡು" ಎಂದಳು. ಹೇಳಿ ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ. ಬದುಕು ಯಾರಿಗೆ ಬೇಡ ಮುತ್ಯಾ? ನನಗೂ ಬೇಕು. ಜಗದೇವಕ್ಕನ ಬೈಗಳೂ ಬೇಕು, ಕಾಶವ್ವನ ಮಣ್ಣಿನ ಎತ್ತೂ ಬೇಕು. ಇವೆಲ್ಲ ಬೇಕೆನ್ನುವಾಗಲೇ ನಿನ್ನ ಮೇಲೆ ಸಿಟ್ಟು ಇನ್ನಷ್ಟು ಏರುತ್ತದೆ, ಏಕೆಂದರೆ ಇದನ್ನು ಬಿಟ್ಟುಕೊಡುವ ಪಾಳಿ ನನಗೆ ಬರಬೇಕಿರಲಿಲ್ಲ.

ಬಸಲಿಂಗವ್ವ ಬಾಗಿಲಿಗೆ ಬಂದಿರಬಹುದು. ನೀನು ಒಳಗೆ ಹೋಗುತ್ತೇನೆ ಎಂದರೆ ಹೋಗಬಲ್ಲೆ, ನಿನ್ನ ಕೈ ಹಿಡಿಯಲು ನನ್ನ ಕೈ ಉದ್ದವಿಲ್ಲ. ಆದರೆ ಒಳಗೆ ಹೋಗಿ ಆ ಚಹಾ ಕುಡಿದರೆ ಒಂದೊಂದು ಗುಟುಕಿಗೂ ನನ್ನ ನೆನಪಾಗುತ್ತದೆ. ಹಂದರಗಂಬ ಇಳಿಸುವಾಗ ನೀನು ನಗಲಾರೆ. ಮಗ ಹುಟ್ಟಿದಾಗ ಅವನ ಕಾಲು ನೆಟ್ಟಗಿದೆಯೇ ಎಂದು ಮೊದಲು ನೋಡುತ್ತೀಯ. ಮೊದಲ ಸಲ ನೀನು ತಿಳಿದೂ ತಿಳಿಯದವನಂತೆ ಬದುಕಿ ಸತ್ತೆ. ಈ ಸಲ ಆ ಸುಖವನ್ನು ನಾನು ಕಿತ್ತುಕೊಂಡಿದ್ದೇನೆ.

ನನ್ನ ಪಕ್ಕದಲ್ಲಿ ಸಕ್ಕರಿ ಬಾವಿಯಿಂದ ಸೇದಿದ ಒಂದು ತಂಬಿಗೆ ನೀರಿದೆ. ಪತ್ರ ಕಳಿಸಿದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತೇನೆ. ಕಹಿಯಾಗಿದ್ದರೆ ನೀನು ಚಹಾ ಕುಡಿದೆ ಎಂದು ತಿಳಿಯುತ್ತದೆ. ಸಿಹಿಯಾಗಿದ್ದರೆ ತಿಳಿಯಲು ನಾನಿರುವುದಿಲ್ಲ. ಅದಕ್ಕೆ ಒಂದು ಕೆಲಸ ಹೇಳುತ್ತೇನೆ, ಇಡೀ ಪತ್ರದಲ್ಲಿ ಬೇಡಿದ್ದು ಇದೊಂದೇ. ತೂತು ಮುಚ್ಚಿ ಮುಗಿದ ಮೇಲೆ ಬಾವಿಗೆ ಇಳಿದು ಒಂದು ಬೊಗಸೆ ನೀರು ನನ್ನ ಹೆಸರಿನಲ್ಲಿ ಕುಡಿ, ಇನ್ನೊಂದು ಕಾಶವ್ವನ ಹೆಸರಿನಲ್ಲಿ.

ಊರ ಹೆಂಗಸರು ನಾಲ್ಕು ತಲೆಮಾರಿನಿಂದ ತೊಟ್ಟಿಯ ಮುಂದೆ ನಿಂತು ನಿನಗೆ ಹಾಕಿದ ಶಾಪ ಒಂದೇ. ಆ ಶಾಪ ಕೇಳಿದಾಗಲೆಲ್ಲ ನನ್ನ ಅವ್ವ ನನ್ನ ಕಿವಿ ಮುಚ್ಚುತ್ತಿದ್ದಳು. ಇವತ್ತು ಅದನ್ನು ನಾನೇ ನನ್ನ ಕೈಯಾರೆ ಬರೆಯುತ್ತಿದ್ದೇನೆ. ಗುರುಶಾಂತ ಹಾದಿಮನಿ, ನಿನ್ನ ವಂಶ ನಿರ್ವಂಶವಾಗಲಿ.

ಇಂತಿ,
ನಿನ್ನ ವಂಶ,
ಮಲಕವ್ವ